ತಂತ್ರಾಂಶದ ಪಾಠವೂ ಗ್ರಾಮೀಣ ವಿದ್ಯಾರ್ಥಿಯೂ

ವಿದ್ಯಾಸಂಸ್ಥೆಯ ಸ್ಮರಣ ಸಂಚಿಕೆಯೆಂಬುದು ನಡೆದುಬಂದ ದಾರಿಯ ಗುಣಗಾನಕ್ಕೆ ಮಾತ್ರ ಮೀಸಲಾದುದಲ್ಲ. ಇನ್ನು ನಡೆಯಬೇಕಾದ ದಾರಿಯ ವಿಚಾರಕ್ಕೂ ಅದರಲ್ಲಿ ಎಡೆಯಿರಬೇಕು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳ ಹಳ್ಳಿಯ ಮಕ್ಕಳಿಗೆ ಪ್ರೌಢಶಿಕ್ಷಣವು ಕೈಗೆಟುಕದ ಹಣ್ಣಾಗಿದ್ದ ಕಾಲವೊಂದಿತ್ತು. ಆ ಕಾಲದಲ್ಲಿ ಮಠಗಳು ಅನ್ನದೊಡನೆ ಅಕ್ಷರವನ್ನೂ ಬಡಿಸಿದುವು. ಭಕ್ತರು ಜೋಳ ರಾಗಿಗಳ ಚೀಲವನ್ನು ತಂದೊಪ್ಪಿಸಿದರು. ಉಪಾಧ್ಯಾಯರು ಅಲ್ಪ ವೇತನದಲ್ಲಿ ದುಡಿದರು. ಹೀಗೆ ಬೆಳೆದ ಶಾಲೆಗಳಲ್ಲಿ ಇಂದು ಗಣಕಯಂತ್ರಗಳಿಗೆಂದೇ ಪ್ರತ್ಯೇಕ ಕೊಠಡಿಯಿದೆ. ಆ ಕೊಠಡಿಯ ಬಾಗಿಲಿನ ಮೇಲೆ ದಾನಿಗಳ ಹೆಸರಿನ ಫಲಕವೂ ಇರುವುದುಂಟು. ಆದರೆ ಆ ಕೊಠಡಿಯೊಳಗೆ ನಡೆಯುವ ಪಾಠವು ವಿದ್ಯಾರ್ಥಿಯ ಬಾಳಿಗೆ ಎಷ್ಟರಮಟ್ಟಿಗೆ ಒದಗಿಬರುತ್ತಿದೆ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವ ಕಾಲ ಬಂದಿದೆ.

ತಂತ್ರಾಂಶದಲ್ಲಿ ಎಷ್ಟು ಬಗೆ ಎಂದು ಕೇಳಿದರೆ ಒಂಬತ್ತನೆಯ ತರಗತಿಯ ಹುಡುಗನು ತಡಮಾಡದೆ ಉತ್ತರಿಸುತ್ತಾನೆ: ‘ಎರಡು ಬಗೆ, ವ್ಯವಸ್ಥಾ ತಂತ್ರಾಂಶ ಮತ್ತು ಆನ್ವಯಿಕ ತಂತ್ರಾಂಶ.’ ಉತ್ತರ ಸರಿಯಾಗಿದೆ. ಎರಡು ಅಂಕಗಳೂ ದೊರೆಯುತ್ತವೆ. ಅದೇ ಹುಡುಗನು ಸಂಜೆ ಮನೆಗೆ ಹೋದಾಗ, ಅವನ ತಂದೆ ಬೆಳೆವಿಮೆಯ ಅರ್ಜಿ ತುಂಬಿಸಲು ಪೇಟೆಯ ಆನ್‌ಲೈನ್ ಕೇಂದ್ರದ ಮುಂದೆ ಒಂದು ದಿನದ ಕೂಲಿಯನ್ನು ಬಿಟ್ಟು ನಿಂತು ಬಂದಿರುತ್ತಾನೆ. ಅರ್ಜಿಯಲ್ಲಿ ಏನು ತುಂಬಿದರು, ಯಾವ ಸಂಖ್ಯೆ ತಪ್ಪಿತು, ಏತಕ್ಕೆ ತಿರಸ್ಕೃತವಾಯಿತು ಎಂಬುದು ತಂದೆಗೆ ತಿಳಿಯದು; ಎರಡು ಬಗೆಗಳನ್ನು ಬಾಯಿಪಾಠ ಮಾಡಿದ ಮಗನಿಗೂ ತಿಳಿಯದು. ತರಗತಿಯ ಉತ್ತರಕ್ಕೂ ಮನೆಯ ತೊಡಕಿಗೂ ನಡುವೆ ಇರುವ ಈ ಅಂತರವೇ ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವ ವಿಷಯ.

ಶಾಲೆಗಳಿಗೆ ಗಣಕವನ್ನು ತರುವ ಯತ್ನ ನಿನ್ನೆ ಮೊನ್ನೆಯದಲ್ಲ. 1984ರಲ್ಲಿ ಕೇಂದ್ರ ಸರ್ಕಾರವು ‘ಕ್ಲಾಸ್’ ಎಂಬ ಯೋಜನೆಯಡಿ ದೇಶದ ಆಯ್ದ ಶಾಲೆಗಳಿಗೆ ಬ್ರಿಟನ್ನಿನ ಬಿಬಿಸಿ ಮೈಕ್ರೋ ಗಣಕಗಳನ್ನು ಒದಗಿಸಿತು. ಈ ಶತಮಾನದ ಆರಂಭದಲ್ಲಿ ಕರ್ನಾಟಕ ಸರ್ಕಾರವು ‘ಮಾಹಿತಿ ಸಿಂಧು’ ಯೋಜನೆಯ ಮೂಲಕ ಸುಮಾರು ಸಾವಿರ ಸರ್ಕಾರಿ ಪ್ರೌಢಶಾಲೆಗಳಲ್ಲಿ ಗಣಕ ಶಿಕ್ಷಣವನ್ನು ಆರಂಭಿಸಿತು. ಯಂತ್ರಗಳು ಬಂದುವು, ಕಾಲಾನಂತರ ಹಳೆಯವಾದುವು, ಹೊಸವು ಬಂದುವು. ಪ್ರತಿಯೊಂದು ಸಲವೂ ಯಂತ್ರದ ಎಣಿಕೆ ನಡೆಯಿತೇ ಹೊರತು, ಯಂತ್ರದೊಳಗಿನ ತಂತ್ರಾಂಶವನ್ನು ಮಕ್ಕಳು ಯಾವ ಕೆಲಸಕ್ಕೆ ಬಳಸಿದರೆಂಬ ಎಣಿಕೆ ಅಷ್ಟಾಗಿ ನಡೆಯಲಿಲ್ಲ. ಕಾಣುವ ವಸ್ತುವನ್ನು ದಾನ ಮಾಡುವುದು ಸುಲಭ. ಕಾಣದ ವಿದ್ಯೆಯನ್ನು ದಾನ ಮಾಡುವುದು ಕಷ್ಟ. ಇದು ಮನುಷ್ಯಸ್ವಭಾವ.

ತಂತ್ರಾಂಶವೆಂಬುದು ಕಣ್ಣಿಗೆ ಕಾಣದ ವಸ್ತುವಾದುದರಿಂದಲೇ ಅದನ್ನು ತಿಳಿಯಹೇಳುವಲ್ಲಿ ಎಚ್ಚರ ಬೇಕು. ಇಂಗ್ಲಿಷಿನ ‘ಸಾಫ್ಟ್‌ವೇರ್’ ಎಂಬ ಮಾತನ್ನು ಈ ಅರ್ಥದಲ್ಲಿ 1958ರಲ್ಲಿ ಅಮೆರಿಕದ ಗಣಿತಜ್ಞ ಜಾನ್ ಟ್ಯೂಕಿ ತಮ್ಮ ಲೇಖನವೊಂದರಲ್ಲಿ ಬಳಸಿದರು. ಮುಟ್ಟಿದರೆ ಗಟ್ಟಿಯಾಗಿರುವ ಭಾಗ ಒಂದಾದರೆ, ಮುಟ್ಟಲಾಗದ ಭಾಗ ಮತ್ತೊಂದು ಎಂಬುದು ಅಲ್ಲಿಯ ಭಾವ. ಕನ್ನಡದಲ್ಲಿ ಯಂತ್ರಾಂಶ, ತಂತ್ರಾಂಶ ಎಂಬ ಜೋಡಿಪದಗಳು ರೂಢಿಗೆ ಬಂದುವು. ಇವು ಸೊಗಸಾದ ಪದಗಳು. ಒಂದು ಯಂತ್ರದ ಅಂಶ, ಮತ್ತೊಂದು ಅದನ್ನು ನಡೆಸುವ ಉಪಾಯದ ಅಂಶ. ಮಠದ ಭಂಡಾರದಲ್ಲಿರುವ ತಾಳೆಗರಿಯ ಕಟ್ಟನ್ನು ತೋರಿಸಿದರೆ ಹಳ್ಳಿಯ ಮಗುವಿಗೂ ಈ ಭೇದ ಮನದಟ್ಟಾಗುತ್ತದೆ. ಗರಿಯೇ ಬೇರೆ, ಗರಿಯಲ್ಲಿ ಕೊರೆದ ಕೃತಿಯೇ ಬೇರೆ. ಗರಿಗೆ ಹುಳು ಹಿಡಿಯಬಹುದು. ಕೃತಿಯನ್ನು ಮತ್ತೊಂದು ಗರಿಗೆ ಪ್ರತಿ ಮಾಡಿಕೊಂಡರೆ ಅದು ಉಳಿಯುತ್ತದೆ. ಗರಿಯನ್ನು ತೂಗಬಹುದು, ಕೃತಿಯನ್ನು ತೂಗಲಾಗದು. ಆದರೆ ಗರಿಯನ್ನು ಕಾಪಾಡಿದ್ದು ಕೃತಿಗಾಗಿ ಎಂಬುದನ್ನು ಮರೆಯತಕ್ಕದ್ದಲ್ಲ.

ಇನ್ನು ಬಗೆಗಳ ವಿಚಾರ. ವಿಂಗಡಣೆಯೆಂಬುದು ಕನ್ನಡ ವಿದ್ಯಾರ್ಥಿಗೆ ಹೊಸ ಸಂಗತಿಯೇನೂ ಅಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಎಂದು ಎಂಟು ಪ್ರಕರಣಗಳಲ್ಲಿ ಭಾಷೆಯನ್ನು ವಿಂಗಡಿಸಿ ತೋರಿಸಿದನು. ವೈಯಾಕರಣನು ಪದಗಳನ್ನು ವಿಂಗಡಿಸುವುದು ಪೆಟ್ಟಿಗೆಗಳಲ್ಲಿ ತುಂಬಿ ಬೀಗ ಹಾಕುವುದಕ್ಕಲ್ಲ. ಯಾವ ಪದವು ವಾಕ್ಯದಲ್ಲಿ ಯಾವ ಕೆಲಸವನ್ನು ಮಾಡುತ್ತದೆಂದು ತಿಳಿಯುವುದಕ್ಕೆ. ನಾಮಪದದ ಲಕ್ಷಣವನ್ನು ಬಾಯಿಪಾಠ ಮಾಡಿದವನು ವಾಕ್ಯ ಬರೆಯಲಾರದೆ ಹೋದರೆ ಆ ವ್ಯಾಕರಣದಿಂದ ಫಲವೇನು? ತಂತ್ರಾಂಶದ ವಿಂಗಡಣೆಯನ್ನೂ ಇದೇ ದೃಷ್ಟಿಯಿಂದ ಕಲಿಸಬೇಕು. ಹೆಸರಿನಿಂದ ಬಳಕೆಗೆ ಹೋಗುವುದಲ್ಲ, ಬಳಕೆಯಿಂದ ಹೆಸರಿಗೆ ಬರುವುದು ಸರಿಯಾದ ಕ್ರಮ.

ಹಾಗೆ ಬರುವುದಾದರೆ ಮೊದಲನೆಯದು ವ್ಯವಸ್ಥಾ ತಂತ್ರಾಂಶ. ದಾಸೋಹದ ಮನೆಯಲ್ಲಿ ಉಣ್ಣುವವರ ಕಣ್ಣಿಗೆ ಬೀಳದೆ, ಉಗ್ರಾಣದ ಬೀಗ ಯಾರ ಬಳಿ, ಒಲೆ ಯಾವುದಕ್ಕೆ, ಪಂಕ್ತಿ ಎಷ್ಟು ಎಂದು ನೋಡಿಕೊಳ್ಳುವವರೊಬ್ಬರು ಇರುತ್ತಾರೆ. ಗಣಕದೊಳಗೆ ಈ ಕೆಲಸ ಮಾಡುವುದು ಆಪರೇಟಿಂಗ್ ಸಿಸ್ಟಮ್. ಸ್ಮರಣಕೋಶದ ಯಾವ ಭಾಗ ಯಾವ ಕೆಲಸಕ್ಕೆ, ಮುದ್ರಣಯಂತ್ರವು ಮೊದಲು ಯಾರ ಮಾತನ್ನು ಕೇಳಬೇಕು, ಕಡತಗಳು ಎಲ್ಲಿರಬೇಕು ಎಂಬುದೆಲ್ಲ ಅದರ ಹೊಣೆ. ವಿಂಡೋಸ್, ಲಿನಕ್ಸ್ ಇವು ಈ ಬಗೆಯವು. ಹಳ್ಳಿಗರ ಕೈಯಲ್ಲಿರುವ ಮೊಬೈಲಿನ ಆಂಡ್ರಾಯ್ಡ್ ಕೂಡ ಇದೇ ಬಗೆಯದು, ಅದರ ತಿರುಳು ಲಿನಕ್ಸೇ. ಮೊಬೈಲೂ ಒಂದು ಗಣಕವೆಂಬ ಅರಿವು ಮೂಡಿದರೆ ಪಾಠದ ಅರ್ಧ ಭಯ ಅಳಿದಂತೆ. ಉಪಯುಕ್ತತಾ ತಂತ್ರಾಂಶಗಳೂ ಇದೇ ಪರಿವಾರಕ್ಕೆ ಸೇರಿದುವು: ವೈರಸ್ ತಡೆಯುವಂಥವು, ಕಡತಗಳನ್ನು ಕುಗ್ಗಿಸುವಂಥವು, ಪ್ರತಿ ತೆಗೆದಿಡುವಂಥವು. ಮನೆಯ ದಾಖಲೆಗಳ ಪ್ರತಿಯನ್ನು ಬೇರೊಂದೆಡೆ ತೆಗೆದಿಡುವ ಅಭ್ಯಾಸವೊಂದನ್ನು ಕಲಿಸಿದರೂ ಈ ಪಾಠ ಸಾರ್ಥಕ. ಮನುಷ್ಯನು ಬರೆದ ಆದೇಶಗಳನ್ನು ಯಂತ್ರವು ಅರಿಯುವ ರೂಪಕ್ಕೆ ತರುವ ಅನುವಾದಕಗಳೂ ಈ ವರ್ಗದವೇ. ಅವುಗಳ ವಿವರ ಮೇಲಿನ ತರಗತಿಗಳಿಗೆ ಸಾಕು.

ಎರಡನೆಯದಾದ ಆನ್ವಯಿಕ ತಂತ್ರಾಂಶವೇ ವಿದ್ಯಾರ್ಥಿಯ ನಿತ್ಯಜೀವನಕ್ಕೆ ಹತ್ತಿರವಾದುದು. ಪಾಠದ ಉದಾಹರಣೆಗಳನ್ನು ದೂರದಿಂದ ತರಬೇಕಾದುದಿಲ್ಲ. ಈ ನಾಲ್ಕು ತಾಲೂಕುಗಳ ನೆಲದಲ್ಲಿಯೇ ಅವು ಬೇಕಾದಷ್ಟಿವೆ.

ಚನ್ನಗಿರಿಯು ಅಡಿಕೆಯ ನಾಡು. ತೋಟವನ್ನು ಖೇಣಿಗೆ ಕೊಡುವುದೋ, ತಾವೇ ಕೊಯ್ದು ಬೇಯಿಸಿ ಒಣಗಿಸಿ ಮಾರುವುದೋ ಎಂಬುದು ಪ್ರತಿ ಮನೆಯಲ್ಲಿಯೂ ವರ್ಷಕ್ಕೊಮ್ಮೆ ಏಳುವ ಪ್ರಶ್ನೆ. ಹಸಿ ಅಡಿಕೆಯ ತೂಕ, ಒಣಗಿದ ಮೇಲೆ ಉಳಿಯುವ ತೂಕ, ಕೊಯ್ಲಿನ ಕೂಲಿ, ಸುಲಿಯುವ ಕೂಲಿ, ಸೌದೆ, ಸಾಗಣೆ, ಕ್ವಿಂಟಾಲಿನ ಧಾರಣೆ ಇವನ್ನೆಲ್ಲ ಲೆಕ್ಕದ ಹಾಳೆಯಲ್ಲಿ ಸಾಲಾಗಿ ತುಂಬಿ, ಧಾರಣೆಯ ಒಂದು ಮನೆಯನ್ನು ಬದಲಿಸಿದರೆ ಉಳಿದ ಲೆಕ್ಕವೆಲ್ಲ ತಾನೇ ಬದಲಾಗುವುದನ್ನು ನೋಡಿದ ವಿದ್ಯಾರ್ಥಿನಿಗೆ ಎಲೆಕ್ಟ್ರಾನಿಕ್ ಲೆಕ್ಕದ ಹಾಳೆ ಎಂದರೇನೆಂದು ಮತ್ತೆ ಹೇಳಬೇಕಾಗಿಲ್ಲ. 1979ರಲ್ಲಿ ಅಮೆರಿಕದ ಡಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬವರು ‘ವಿಸಿಕ್ಯಾಲ್ಕ್’ ಎಂಬ ತಂತ್ರಾಂಶವನ್ನು ಹೊರತಂದದ್ದು ಇದೇ ಅನುಕೂಲಕ್ಕಾಗಿ. ವ್ಯಾಪಾರಿಗಳು ಗಣಕವನ್ನು ಕೊಳ್ಳತೊಡಗಿದ್ದಕ್ಕೆ ಅದು ಒಂದು ಮುಖ್ಯ ಕಾರಣವಾಯಿತು. ಮಂಡಿಯ ಲೆಕ್ಕಪತ್ರಗಳಿಗೆ ಬಳಕೆಯಾಗುವ ‘ಟ್ಯಾಲಿ’ಯಂತೂ 1986ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸಂಸ್ಥೆಯ ಕೊಡುಗೆ. ಜಮಾ ಖರ್ಚಿನ ಖಾತೆಪುಸ್ತಕವನ್ನು ಬಲ್ಲ ಊರಿಗೆ ಈ ತಂತ್ರಾಂಶ ಪರಕೀಯವೆನಿಸಬೇಕಾಗಿಲ್ಲ.

ಜಗಳೂರಿನದು ಬೇರೆ ಕಥೆ. ಮಳೆಯನ್ನು ನೆಚ್ಚಿ ಬಾಳುವ ಆ ಸೀಮೆಯಲ್ಲಿ ಬರಗಾಲವು ಹೊಸ ಅತಿಥಿಯಲ್ಲ. ತುಂಗಭದ್ರೆಯ ನೀರನ್ನೆತ್ತಿ ಅಲ್ಲಿಯ 57 ಕೆರೆಗಳನ್ನು ತುಂಬಿಸುವ ಯೋಜನೆ ಜನರಲ್ಲಿ ಹೊಸ ಆಸೆಯನ್ನು ಹುಟ್ಟಿಸಿತು. ಶಾಲೆಯ ಅಂಗಳದಲ್ಲಿ ಮಳೆಮಾಪಕವೊಂದನ್ನಿಟ್ಟು, ಪ್ರತಿದಿನ ಬೆಳಿಗ್ಗೆ ಒಬ್ಬ ವಿದ್ಯಾರ್ಥಿ ಅಳತೆಯನ್ನು ಬರೆದು, ವಾರಕ್ಕೊಮ್ಮೆ ಊರ ಕೆರೆಯ ನೀರಿನ ಮಟ್ಟವನ್ನು ಗುರುತಿಸಿ, ಅವನ್ನು ಗಣಕದಲ್ಲಿ ನಕ್ಷೆಯ ರೂಪಕ್ಕೆ ತಂದರೆ, ಮೂರು ವರ್ಷಗಳಲ್ಲಿ ಆ ಊರಿಗೇ ಒಂದು ಅಮೂಲ್ಯ ದಾಖಲೆ ಸಿದ್ಧವಾಗುತ್ತದೆ. ದಾಖಲೆಗಳನ್ನು ಕೂಡಿಡುವ ದತ್ತಸಂಚಯ, ಅವನ್ನು ಚಿತ್ರವಾಗಿ ತೋರಿಸುವ ನಕ್ಷಾ ತಂತ್ರಾಂಶ, ಗ್ರಾಮಸಭೆಯಲ್ಲಿ ಮಂಡಿಸಲು ಬೇಕಾದ ನಿರೂಪಣಾ ತಂತ್ರಾಂಶ ಎಂಬ ಮೂರು ಬಗೆಗಳು ಒಂದೇ ಕೆರೆಯ ದಡದಲ್ಲಿ ಕಲಿತಂತಾಗುತ್ತದೆ.

ಆದರೆ ಹೊನ್ನಾಳಿ ಮತ್ತು ನ್ಯಾಮತಿಗಳ ವಿದ್ಯಾರ್ಥಿಗಳು ಕಲಿಯಬೇಕಾದ, ವಾಸ್ತವವಾಗಿ ನಾಲ್ಕು ತಾಲೂಕಿನವರೂ ಕಲಿಯಬೇಕಾದ ಒಂದು ಪಾಠವುಂಟು. ಅದು ಎಲ್ಲಕ್ಕಿಂತ ಗುರುತರವಾದುದು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದುವು. ಅನಂತರ ಹೊನ್ನಾಳಿಯಿಂದ ಬೇರ್ಪಟ್ಟು ನ್ಯಾಮತಿಯು ತಾಲೂಕಾಯಿತು. ಹೀಗೆ ಒಂದು ಕುಟುಂಬದ ಕಾಗದಪತ್ರಗಳಲ್ಲಿ ತಾತನ ಕಾಲಕ್ಕೆ ಒಂದು ಜಿಲ್ಲೆ, ತಂದೆಯ ಕಾಲಕ್ಕೆ ಮತ್ತೊಂದು ಜಿಲ್ಲೆ, ಮಗನ ಕಾಲಕ್ಕೆ ಬೇರೊಂದು ತಾಲೂಕು ಎಂದಿರುವುದು ಈ ಸೀಮೆಯಲ್ಲಿ ಸಾಮಾನ್ಯ. ಇದರ ಮಧ್ಯೆ 2000ದ ಸುಮಾರಿಗೆ ‘ಭೂಮಿ’ ತಂತ್ರಾಂಶವು ಬಂದಿತು. ರಾಜ್ಯದ ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳು ಕೈಬರಹದಿಂದ ಗಣಕಕ್ಕೆ ಏರಿದುವು. ಪಹಣಿಗಾಗಿ ಅಂದಿನ ಗ್ರಾಮಲೆಕ್ಕಿಗರ ಮನೆ ಬಾಗಿಲನ್ನು ಕಾಯುತ್ತಿದ್ದ ರೈತನು ತಾಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿ ಕೊಟ್ಟು ಅದನ್ನು ಪಡೆಯುವಂತಾಯಿತು. ಭಾರತದ ಆಡಳಿತದ ಇತಿಹಾಸದಲ್ಲಿಯೇ ಇದು ಹೆಸರಾದ ಕಾರ್ಯ. ಹೊರನಾಡಿನವರೂ ಬಂದು ಅಭ್ಯಾಸ ಮಾಡಿದ ಕಾರ್ಯ. ದತ್ತಸಂಚಯವೆಂದರೇನೆಂಬುದಕ್ಕೆ ರೈತನ ಮಗನಿಗೆ ಇದಕ್ಕಿಂತ ಉತ್ತಮ ಉದಾಹರಣೆ ಬೇರೆಲ್ಲಿ ಸಿಕ್ಕೀತು?

ದತ್ತಸಂಚಯಕ್ಕೆ ಒಂದು ಸ್ವಭಾವವುಂಟು: ಅದು ಅಕ್ಷರವನ್ನು ನೋಡುತ್ತದೆ, ಅಭಿಪ್ರಾಯವನ್ನು ನೋಡುವುದಿಲ್ಲ. ಕನ್ನಡದ ಹೆಸರು ಇಂಗ್ಲಿಷ್ ಲಿಪಿಗೆ ಹೋಗಿ ಮರಳಿ ಕನ್ನಡಕ್ಕೆ ಬರುವಾಗ ಹ್ರಸ್ವ ದೀರ್ಘಗಳೂ ಲಕಾರ ಳಕಾರಗಳೂ ನಕಾರ ಣಕಾರಗಳೂ ಕಲಸಿಹೋಗುತ್ತವೆ. ಹೊನ್ನಾಳಿಯು ‘ಹೊನ್ನಲಿ’ಯಾಗುತ್ತದೆ, ಜಗಳೂರು ‘ಜಗಲೂರು’ ಆಗುತ್ತದೆ, ನ್ಯಾಮತಿಯು ‘ನ್ಯಾಮಥಿ’ಯಾಗುತ್ತದೆ. ಊರಿಗಾದ ಗತಿ ಮನುಷ್ಯರಿಗೂ ತಪ್ಪಿದ್ದಲ್ಲ. ಪಹಣಿಯಲ್ಲಿ ಕಾಳಮ್ಮನಾಗಿದ್ದವಳು ಆಧಾರ್ ಚೀಟಿಯಲ್ಲಿ ಕಲಮ್ಮನೂ ಬ್ಯಾಂಕಿನ ಪುಸ್ತಕದಲ್ಲಿ ಕಾಲಮ್ಮನೂ ಆಗಿ, ಒಬ್ಬಳೇ ಮುದುಕಿಯು ಮೂವರಾಗಿ ನಿಲ್ಲುತ್ತಾಳೆ. ನೋಡುವ ಮನುಷ್ಯನಿಗೆ ಅವಳು ಒಬ್ಬಳೇ, ಯಂತ್ರಕ್ಕೆ ಮೂವರು. 2019ರಲ್ಲಿ ಆರಂಭವಾದ ಕಿಸಾನ್ ಸಮ್ಮಾನ್ ಹಣವು ಹೆಸರು ಹೊಂದದ ಕಾರಣಕ್ಕೆ ತಡೆಯಾಗಿ ರೈತರು ಅಲೆದಾಡಿದ್ದುಂಟು. 2024ರಲ್ಲಿ ಪಹಣಿಗೆ ಆಧಾರ್ ಜೋಡಿಸುವ ಕಾರ್ಯ ನಡೆದಾಗಲೂ ಇದೇ ತೊಡಕು ಎದುರಾಯಿತು. ಒಂದು ಅಕ್ಷರದ ತಪ್ಪು ಒಂದು ಕುಟುಂಬದ ಹಂಗಾಮಿನ ಗೊಬ್ಬರದ ಹಣವನ್ನೇ ತಡೆಹಿಡಿಯಬಲ್ಲದು. ಕಾಗುಣಿತವು ಕೇವಲ ಪರೀಕ್ಷೆಯ ಅಂಕಕ್ಕೆ ಸಂಬಂಧಿಸಿದ್ದೆಂದು ತಿಳಿದವರು ಈ ಸಂಗತಿಯನ್ನು ಕಂಡಾದರೂ ಕಣ್ತೆರೆಯಬೇಕು.

ಇಲ್ಲಿಯೇ ಕನ್ನಡದ ಉಪಾಧ್ಯಾಯರ ಪಾತ್ರ ಬರುತ್ತದೆ. ಗಣಕದ ಪಾಠವು ತಮಗೆ ಸಂಬಂಧಿಸಿದ್ದಲ್ಲ, ಅದು ಗಣಿತ ವಿಜ್ಞಾನಗಳವರ ಸ್ವತ್ತು ಎಂಬ ಭಾವನೆ ಭಾಷಾ ಬೋಧಕರಲ್ಲಿ ಬೇರೂರಿದೆ. ಇದು ಸರಿಯಲ್ಲ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆಗಳನ್ನು ಗೊತ್ತುಪಡಿಸಿದ ಯೂನಿಕೋಡ್ ಪದ್ಧತಿಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿದೆ. ಅದರಲ್ಲಿ ‘ಕ’ ಅಕ್ಷರದ ಸಂಖ್ಯೆ 3221. ‘ಲ’ದ ಸಂಖ್ಯೆ 3250, ‘ಳ’ದ ಸಂಖ್ಯೆ 3251. ಕಿವಿಗೆ ಲಕಾರ ಳಕಾರಗಳು ನೆರೆಹೊರೆಯವರಾದರೂ ಯಂತ್ರಕ್ಕೆ ಅವು ಬೇರೆ ಬೇರೆ ಸಂಖ್ಯೆಗಳು. ‘ಕ್ಷ’ ಎಂಬ ಸಂಯುಕ್ತಾಕ್ಷರವನ್ನು ಯಂತ್ರವು ಕಕಾರ, ವಿರಾಮಚಿಹ್ನೆ, ಷಕಾರ ಎಂಬ ಮೂರರ ಕೂಟವಾಗಿ ಇಟ್ಟುಕೊಳ್ಳುತ್ತದೆ. ಪ್ರಾಥಮಿಕ ಶಾಲೆಯ ಒತ್ತಕ್ಷರದ ಪಾಠ ಇದಲ್ಲದೆ ಮತ್ತೇನು? ಕನ್ನಡ ವರ್ಣಮಾಲೆಯ ಧ್ವನಿಕ್ರಮವನ್ನೇ ಆಧಾರವಾಗಿಟ್ಟುಕೊಂಡು ನಾಡೋಜ ಕೆ. ಪಿ. ರಾವ್ ಅವರು ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದರು. ಶೇಷಾದ್ರಿ ವಾಸು ಅವರ ‘ಬರಹ’ ತಂತ್ರಾಂಶವು 1998ರಲ್ಲಿ ಹೊರಬಂದಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯು ಸರ್ಕಾರಿ ಕಚೇರಿಗಳಲ್ಲಿ ನೆಲೆಯೂರಿತು. ಈ ಸಾಧನೆಗಳ ಹಿಂದೆ ಇರುವುದು ಯಂತ್ರಜ್ಞಾನದಷ್ಟೇ ವರ್ಣಜ್ಞಾನ. ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿದ ಕಡತವೊಂದನ್ನು ಬೇರೆ ವಿನ್ಯಾಸದಲ್ಲಿ ತೆರೆದಾಗ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಅದನ್ನು ಮಕ್ಕಳಿಗೆ ಒಮ್ಮೆ ತೋರಿಸಬೇಕು. ಬಳಿಕ ಯೂನಿಕೋಡಿನಲ್ಲಿರುವ ಕಡತವು ಎಲ್ಲಿ ತೆರೆದರೂ ಕನ್ನಡವಾಗಿಯೇ ಉಳಿಯುವುದನ್ನು ತೋರಿಸಬೇಕು. ಪದಸಂಸ್ಕಾರಕವೆಂಬ ತಂತ್ರಾಂಶದ ಪಾಠವು ಹೀಗೆ ಕನ್ನಡದ ಪಾಠವೇ ಆಗುತ್ತದೆ.

ಮಠದ ಪರಂಪರೆಗೂ ತಂತ್ರಾಂಶಕ್ಕೂ ಏನು ಸಂಬಂಧವೆಂದು ಕೇಳುವವರು ವಚನವಾಙ್ಮಯದ ಇತಿಹಾಸವನ್ನೊಮ್ಮೆ ನೆನೆಯಬೇಕು. ತಾಳೆಗರಿಗಳಲ್ಲಿ ಚದುರಿಹೋಗಿದ್ದ ವಚನಗಳನ್ನು ಊರೂರು ಅಲೆದು ಕಲೆಹಾಕಿದ ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು. ಅನಂತರ ‘ಹಿತಚಿಂತಕ’ ಮುದ್ರಣಾಲಯವನ್ನೇ ಸ್ಥಾಪಿಸಿ, ಅದಕ್ಕಾಗಿ ತಮ್ಮ ಮನೆಯನ್ನೂ ಮಾರಿಕೊಂಡರು. ಅಂದು ಮುದ್ರಣಯಂತ್ರವೇ ಹೊಸ ವಿದ್ಯೆ. ಅದು ಪರರದೆಂದು ಅವರು ದೂರವಿಡಲಿಲ್ಲ. 1993ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಹೊರತಂದಿತು. ಮುಂದೆ ಸಿರಿಗೆರೆಯ ತರಳಬಾಳು ಜಗದ್ಗುರು ಬೃಹನ್ಮಠದ ಡಾ. ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳವರು ವಚನಗಳನ್ನು ತಂತ್ರಾಂಶದ ಮೂಲಕ ಹುಡುಕಿ ಓದಲು ಅನುವು ಮಾಡಿಕೊಟ್ಟರು. ಪಾಣಿನಿಯ ಸುಮಾರು 4000 ಸೂತ್ರಗಳ ಅಷ್ಟಾಧ್ಯಾಯಿಯನ್ನು ‘ಗಣಕಾಷ್ಟಾಧ್ಯಾಯೀ’ ಎಂಬ ತಂತ್ರಾಂಶಕ್ಕೆ ಅಳವಡಿಸಿದವರೂ ಅವರೇ. ಒಂದು ಪದವು ಎಷ್ಟು ಶರಣರ ವಚನಗಳಲ್ಲಿ ಬಂದಿದೆಯೆಂದು ತಿಳಿಯಲು ಹಿಂದಿನ ವಿದ್ವಾಂಸನಿಗೆ ತಿಂಗಳುಗಳು ಬೇಕಾಗಿದ್ದುವು. ಇಂದು ಎಂಟನೆಯ ತರಗತಿಯ ಬಾಲಕಿಗೆ ಕ್ಷಣ ಸಾಕು. ಉಳಿದ ಹೊತ್ತನ್ನು ಅವಳು ಅರ್ಥಚಿಂತನೆಗೆ ಕೊಡಬಹುದು. ಕೊಡುವಂತೆ ಮಾಡುವುದು ಗುರುಗಳ ಕೆಲಸ.

ತಂತ್ರಾಂಶಗಳನ್ನು ಒಡೆತನದ ದೃಷ್ಟಿಯಿಂದಲೂ ವಿಂಗಡಿಸುವುದುಂಟು. ಕೆಲವು ಕಂಪನಿಗಳ ಸ್ವತ್ತು. ಹಣ ಕೊಟ್ಟು ಪರವಾನಗಿ ಪಡೆದು ಬಳಸತಕ್ಕವು. ಕೆಲವು ಮುಕ್ತ ತಂತ್ರಾಂಶಗಳು. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಅವರು ಆರಂಭಿಸಿದ ಆಂದೋಲನದ ತತ್ತ್ವದಂತೆ, ಮುಕ್ತ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಬಹುದು, ಅದರ ಒಳರಚನೆಯನ್ನು ಅಭ್ಯಸಿಸಬಹುದು, ತಿದ್ದಬಹುದು, ಇತರರಿಗೆ ಹಂಚಬಹುದು. 1991ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ ಆರಂಭಿಸಿದ ಲಿನಕ್ಸ್ ಇದೇ ದಾರಿಯಲ್ಲಿ ಬೆಳೆಯಿತು. ದಾಸೋಹದ ಮಹತ್ತ್ವವನ್ನು ಬಲ್ಲ ಸಂಸ್ಥೆಗೆ ಈ ತತ್ತ್ವವನ್ನು ಯಾರೂ ವಿವರಿಸಬೇಕಾಗಿಲ್ಲ. ಆದರೂ ಎಷ್ಟೋ ಶಾಲೆಗಳಲ್ಲಿ ಪರವಾನಗಿಯಿಲ್ಲದ ಕಳ್ಳಪ್ರತಿಗಳು ಗಣಕಗಳಲ್ಲಿ ಕುಳಿತಿರುತ್ತವೆ. ಗೋಡೆಯ ಮೇಲೆ ಸತ್ಯಶುದ್ಧ ಕಾಯಕದ ಸುಭಾಷಿತವನ್ನು ಬರೆಯಿಸಿ, ಕೆಳಗೆ ಕದ್ದ ತಂತ್ರಾಂಶದಲ್ಲಿ ಪಾಠ ಹೇಳುವುದು ಯಾವ ಶಿಕ್ಷಣ? ನೆರೆಯ ಕೇರಳವು ತನ್ನ ಶಾಲೆಗಳಲ್ಲಿ ಮುಕ್ತ ತಂತ್ರಾಂಶವನ್ನೇ ಬಳಕೆಗೆ ತಂದಿತು; ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಅಲ್ಲಿಯ ಗಣಕ ಪಠ್ಯವನ್ನು ಕನ್ನಡದಲ್ಲಿಯೇ ಓದುತ್ತಾರೆ. ಗಡಿಯಾಚೆಯ ಕನ್ನಡ ಮಕ್ಕಳಿಗೆ ಸಾಧ್ಯವಾದದ್ದು ತುಂಗಭದ್ರೆಯ ದಡದ ಮಕ್ಕಳಿಗೆ ಏಕೆ ಸಾಧ್ಯವಾಗಬಾರದು? ಬರವಣಿಗೆಗೂ ಲೆಕ್ಕಕ್ಕೂ ಲಿಬ್ರೆ ಆಫೀಸ್, ರೇಖಾಗಣಿತಕ್ಕೆ ಜಿಯೋಜೀಬ್ರಾ, ದೃಷ್ಟಿಹೀನ ವಿದ್ಯಾರ್ಥಿಗೆ ಪರದೆಯ ಮೇಲಿನ ಕನ್ನಡವನ್ನು ಓದಿ ಹೇಳುವ ತಂತ್ರಾಂಶ ಇವೆಲ್ಲ ಶಾಲೆಗಳಿಗೆ ಬಿಡಿಗಾಸಿನ ಖರ್ಚಿಲ್ಲದೆ ದೊರೆಯುತ್ತವೆ.

ಈ ವಿಚಾರಕ್ಕೆ ಆಕ್ಷೇಪಗಳು ಇಲ್ಲದಿಲ್ಲ. ‘ಮಕ್ಕಳು ಮೊಬೈಲನ್ನು ಹಿರಿಯರಿಗಿಂತ ಚೆನ್ನಾಗಿ ಬಲ್ಲರು, ಅವರಿಗೆ ಕಲಿಸುವುದೇನಿದೆ?’ ಎಂಬುದು ಮೊದಲನೆಯದು. ಬೆರಳಾಡಿಸಲು ಬಲ್ಲರೆಂಬುದು ನಿಜ. ಆದರೆ ಯಾವ ತಂತ್ರಾಂಶವು ಯಾರದು, ಅದು ಮನೆಯ ಯಾವ ಮಾಹಿತಿಯನ್ನು ಕೇಳುತ್ತಿದೆ, ಸಾಲ ಕೊಡುವೆನೆಂದು ಬರುವ ಆ್ಯಪ್ ಎಂಥದು, ಒಟಿಪಿಯನ್ನು ಏಕೆ ಹೇಳಬಾರದು ಎಂಬ ವಿವೇಕವು ಬೆರಳಿನಿಂದ ಬರುವುದಿಲ್ಲ. ‘ಪಠ್ಯವೇ ಮುಗಿಯುತ್ತಿಲ್ಲ, ಇದಕ್ಕೆ ವೇಳೆಯೆಲ್ಲಿ?’ ಎಂಬುದು ಎರಡನೆಯದು. ಹೊರೆ ಹೆಚ್ಚಿರುವುದು ದಿಟ. ಶಾಲೆಯ ದಾಖಲಾತಿಯೂ ಅಂಕಪಟ್ಟಿಯೂ ಆನ್‌ಲೈನಿಗೆ ಹೋದ ಮೇಲೆ ಉಪಾಧ್ಯಾಯರ ಸಂಜೆಗಳು ಗಣಕದ ಮುಂದೆಯೇ ಕಳೆಯುತ್ತಿವೆ. ಆದರೆ ಇಲ್ಲಿ ಹೇಳುತ್ತಿರುವುದು ಹೊಸ ಪಠ್ಯವನ್ನಲ್ಲ, ಇರುವ ಪಾಠದ ಹೊಸ ಕ್ರಮವನ್ನು. ಗಣಿತದ ಲಾಭನಷ್ಟದ ಲೆಕ್ಕವನ್ನು ಅಡಿಕೆಯ ಹಾಳೆಯಲ್ಲಿ ಮಾಡಿಸಿದರೆ ಎರಡು ಪಾಠ ಒಂದರಲ್ಲಿ ಮುಗಿಯುತ್ತದೆ.

ಮೂರನೆಯ ಆಕ್ಷೇಪ ಇತ್ತೀಚಿನದು, ಗಂಭೀರವಾದುದು. ಪ್ರಬಂಧವನ್ನೂ ಪತ್ರವನ್ನೂ ಕೇಳಿದೊಡನೆ ತಾನೇ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಬಂದಿರುವಾಗ, ಮಕ್ಕಳು ಬರೆಯುವುದನ್ನೇ ಮರೆತಾರೆಂಬ ಭಯ ಭಾಷಾ ಬೋಧಕರನ್ನು ಕಾಡುತ್ತಿದೆ. ಭಯಕ್ಕೆ ಕಾರಣವಿದೆ. ಆದರೆ ಅದನ್ನು ಬಚ್ಚಿಡುವುದರಿಂದ ಪ್ರಯೋಜನವಿಲ್ಲ. ಅದೂ ತಂತ್ರಾಂಶದ ಒಂದು ಬಗೆ ಎಂದು ತರಗತಿಯಲ್ಲಿಯೇ ತೆರೆದು ತೋರಿಸಬೇಕು. ಅದು ಕೊಟ್ಟ ಕನ್ನಡ ಪ್ರಬಂಧವನ್ನು ಮಕ್ಕಳ ಮುಂದಿಟ್ಟು, ವಿಭಕ್ತಿ ತಪ್ಪಿದ್ದೆಲ್ಲಿ, ಊರಿನ ಸಂಗತಿ ಸುಳ್ಳಾದದ್ದೆಲ್ಲಿ, ಮಾತು ಮಾತಾಗದೆ ಬರಿಯ ಶಬ್ದವಾದದ್ದೆಲ್ಲಿ ಎಂದು ತಿದ್ದಿಸಿದರೆ, ಅದಕ್ಕಿಂತ ಒಳ್ಳೆಯ ವ್ಯಾಕರಣದ ಅಭ್ಯಾಸ ಮತ್ತೊಂದಿಲ್ಲ. ತಿದ್ದಬಲ್ಲವನು ಮಾತ್ರ ಯಂತ್ರದ ಒಡೆಯ. ತಿದ್ದಲಾರದವನು ಅದರ ಆಳು.

ಆದಕಾರಣ ಮೂರು ಬಗೆಯ ಜನರಿಗೆ ಮೂರು ಬಿನ್ನಹಗಳು. ಉಪಾಧ್ಯಾಯರು ತಂತ್ರಾಂಶದ ಪ್ರತಿಯೊಂದು ಬಗೆಗೂ ಊರಿನ ಒಂದು ಕೆಲಸವನ್ನು ಜೋಡಿಸಿ ಕಲಿಸಲಿ. ಪರೀಕ್ಷೆಯಲ್ಲಿ ‘ಬಗೆಗಳನ್ನು ಹೆಸರಿಸಿ’ ಎಂದು ಕೇಳುವ ಬದಲು ‘ಈ ಕೆಲಸಕ್ಕೆ ಯಾವ ಬಗೆ, ಏಕೆ?’ ಎಂದು ಕೇಳಲಿ. ಹಳೆಯ ವಿದ್ಯಾರ್ಥಿಗಳಲ್ಲಿ ಬೆಂಗಳೂರಿನಲ್ಲಿಯೂ ಹೊರದೇಶಗಳಲ್ಲಿಯೂ ತಂತ್ರಾಂಶವನ್ನೇ ಕಾಯಕವಾಗಿ ಮಾಡಿಕೊಂಡವರು ಅನೇಕರಿದ್ದಾರೆ. ಅವರು ಜಾತ್ರೆಗೆ ಬಂದಾಗ ಹಾರ ಶಾಲು ಸ್ವೀಕರಿಸಿ ಮರಳುವುದಕ್ಕಿಂತ ಎರಡು ದಿನ ಗಣಕದ ಕೊಠಡಿಯಲ್ಲಿ ಕುಳಿತು, ಮಕ್ಕಳೊಡನೆ ಕನ್ನಡದಲ್ಲಿ ಮಾತಾಡಿ, ಕೆಟ್ಟ ಯಂತ್ರವೊಂದಕ್ಕೆ ಮುಕ್ತ ತಂತ್ರಾಂಶವನ್ನು ಹಾಕಿಕೊಟ್ಟು ಹೋಗಲಿ. ದಾನಿಗಳು ಹತ್ತು ಯಂತ್ರ ಕೊಡುವಲ್ಲಿ ಎಂಟು ಕೊಟ್ಟು, ಉಳಿದ ಹಣದಲ್ಲಿ ಉಪಾಧ್ಯಾಯರ ತರಬೇತಿಗೂ ವಿದ್ಯುತ್ತಿನ ಬ್ಯಾಟರಿಗೂ ದುರಸ್ತಿಗೂ ವ್ಯವಸ್ಥೆ ಮಾಡಲಿ. ಬೀಗ ಹಾಕಿದ ಕೊಠಡಿಯ ಹತ್ತು ಯಂತ್ರಗಳಿಗಿಂತ ಮಕ್ಕಳ ಕೈಯೊಳಗೆ ಸವೆದ ಒಂದು ಯಂತ್ರ ಮೇಲು.

ಶನಿವಾರದ ಮಧ್ಯಾಹ್ನ ಎರಡು ತಾಸು ಶಾಲೆಯ ಗಣಕದ ಕೊಠಡಿಯನ್ನು ತಂದೆತಾಯಿಗಳಿಗಾಗಿ ತೆರೆದಿಟ್ಟು, ಉಪಾಧ್ಯಾಯರ ಮೇಲ್ವಿಚಾರಣೆಯಲ್ಲಿ ಮಕ್ಕಳೇ ಅವರ ಪಹಣಿಯನ್ನು ತೆರೆದು ಓದಿ ಹೇಳುವಂತೆ ಮಾಡಿದರೆ ಸಾಕು; ತಂತ್ರಾಂಶದ ಪಾಠ ಏತಕ್ಕೆಂದು ಯಾರಿಗೂ ವಿವರಿಸಬೇಕಾಗುವುದಿಲ್ಲ. ಅಜ್ಜಿಯ ಹೆಸರಿನ ಳಕಾರವು ಎಲ್ಲಿ ಲಕಾರವಾಯಿತೆಂದು ಮೊಮ್ಮಗಳು ಬೆರಳಿಟ್ಟು ತೋರಿಸಿ, ತಿದ್ದುಪಡಿಯ ಅರ್ಜಿಯನ್ನು ಶುದ್ಧ ಕನ್ನಡದಲ್ಲಿ ತಾನೇ ಬರೆದುಕೊಟ್ಟ ದಿನ, ಆ ಶಾಲೆಯನ್ನು ಕಟ್ಟಿದ ಹಿರಿಯರ ಶ್ರಮವೂ, ಕೈಯೆತ್ತಿ ಕೊಟ್ಟ ಭಕ್ತರ ಕಾಣಿಕೆಯೂ, ಅಕ್ಷರ ತಿದ್ದಿಸಿದ ಗುರುಗಳ ಕಾಯಕವೂ ಸಫಲವಾದುವೆಂದು ನಿಸ್ಸಂದೇಹವಾಗಿ ಹೇಳಬಹುದು.